ಮಿಲಾನಿನ ‘ಕೊನೆಯ ಭೋಜನ’ದ ಚಿತ್ರವೂ ಅದರ ಜೀರ್ಣೋದ್ಧಾರಗಳೂ

೧

ಹಳೆಯ ಚಿತ್ರವೊಂದು ಮಾಸಿ ಹೋದಾಗ ಅದನ್ನು ಮತ್ತೆ ಮೊದಲಿನಂತೆ ಮಾಡಬೇಕೆಂಬ ಅಪೇಕ್ಷೆ ಮನುಷ್ಯರಿಗೆ ಸಹಜವಾದುದು. ಮುರಿದ ಗುಡಿಯನ್ನು ಕಟ್ಟಿಸುವುದು, ಒಡೆದ ಕೆರೆಯ ಏರಿಯನ್ನು ಹಾಕಿಸುವುದು, ಶಿಥಿಲವಾದ ಓಲೆಯ ಗ್ರಂಥವನ್ನು ಹೊಸ ಓಲೆಗೆ ಪ್ರತಿ ಮಾಡಿಸುವುದು, ಇವೆಲ್ಲ ಪುಣ್ಯಕಾರ್ಯಗಳೆಂದೇ ನಮ್ಮ ಹಿರಿಯರು ಎಣಿಸಿದ್ದರು. ಆದರೆ ಚಿತ್ರದ ವಿಷಯದಲ್ಲಿ ಒಂದು ವಿಶೇಷವಾದ ಕಷ್ಟವುಂಟು. ಕೆರೆಗೆ ಹೊಸ ಮಣ್ಣನ್ನು ಹಾಕಿದರೂ ಅದು ಅದೇ ಕೆರೆ. ಕಾವ್ಯವನ್ನು ಹೊಸ ಓಲೆಯ ಮೇಲೆ ಬರೆದರೂ ಅದು ಅದೇ ಕಾವ್ಯ. ಚಿತ್ರವಾದರೋ ಚಿತ್ರಗಾರನ ಕೈಯಿಂದ ಬಿದ್ದ ಬಣ್ಣದ ಪದರದಲ್ಲಿಯೇ ಇರುವಂಥದು. ಆ ಪದರ ಹೋದರೆ ಚಿತ್ರವು ಹೋಯಿತು. ಅದರ ಮೇಲೆ ಬೇರೊಬ್ಬನು ಬಣ್ಣವನ್ನು ಹಚ್ಚಿದರೆ ನೋಡುವವನಿಗೆ ಕಾಣುವುದು ಆ ಬೇರೊಬ್ಬನ ಚಿತ್ರವೇ ಹೊರತು ಮೊದಲಿನವನದಲ್ಲ.

ಈ ಕಷ್ಟವನ್ನು ತಿಳಿಯುವುದಕ್ಕೆ ಇಟಲಿ ದೇಶದ ಮಿಲಾನ್ ನಗರದಲ್ಲಿ ಲಿಯೊನಾರ್ಡೊ ದ ವಿಂಚಿಯು ಬರೆದ ‘ಕೊನೆಯ ಭೋಜನ’ವೆಂಬ ಚಿತ್ರಕ್ಕಿಂತ ತಕ್ಕ ನಿದರ್ಶನವು ದೊರೆಯುವುದು ಕಷ್ಟ. ಸುಮಾರು ಐನೂರು ವರ್ಷಗಳಲ್ಲಿ ಅದಕ್ಕೆ ಒದಗಿದ ಹಾನಿಯೂ ಅದನ್ನು ಉಳಿಸಲು ನಡೆದ ಯತ್ನಗಳೂ ಬಹುಮಟ್ಟಿಗೆ ದಾಖಲೆಯಾಗಿವೆ. ಆ ದಾಖಲೆಗಳನ್ನು ಕ್ರಮವಾಗಿ ನೋಡಿದರೆ, ಕಾಲವು ಮಾಡಿದ ಹಾನಿ ಎಷ್ಟು, ಉಪಕಾರ ಮಾಡಬಂದವರು ಮಾಡಿದ ಹಾನಿ ಎಷ್ಟು ಎಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ.

೨

ಮಿಲಾನಿನ ಅರಸನಾದ ಲುಡೊವಿಕೊ ಸ್ಫೋರ್ಜನು ಡೊಮಿನಿಕನ್ ಪಂಥದ ಸಂನ್ಯಾಸಿಗಳ ಸಾಂತ ಮರಿಯ ದೆಲ್ಲೆ ಗ್ರಾತ್ಸಿಯೆ ಎಂಬ ಮಠಕ್ಕೆ ಆಶ್ರಯದಾತನಾಗಿದ್ದನು. ಆ ಮಠದ ಭೋಜನಶಾಲೆಯ ಉತ್ತರದ ಗೋಡೆಯ ಮೇಲೆ, ಏಸುವು ತನ್ನ ಹನ್ನೆರಡು ಶಿಷ್ಯರೊಡನೆ ಕುಳಿತು ‘ನಿಮ್ಮಲ್ಲೊಬ್ಬನು ನನಗೆ ದ್ರೋಹ ಮಾಡುವನು’ ಎಂದು ನುಡಿದ ಸಂದರ್ಭವನ್ನು ಬರೆಯುವ ಕಾರ್ಯವು ಲಿಯೊನಾರ್ಡೊನಿಗೆ ಒಪ್ಪಿಸಲ್ಪಟ್ಟಿತು. ಕೆಲಸವು ಕ್ರಿ. ಶ. ೧೪೯೫ರ ಸುಮಾರಿನಲ್ಲಿ ಮೊದಲಾಯಿತು. ೧೪೯೭ರ ಜೂನ್ ತಿಂಗಳಲ್ಲಿ ಅರಸನು, ಚಿತ್ರವನ್ನು ಬೇಗ ಮುಗಿಸುವಂತೆ ಲಿಯೊನಾರ್ಡೊನನ್ನು ತ್ವರೆಪಡಿಸಬೇಕೆಂದು ತನ್ನ ಅಧಿಕಾರಿಗೆ ಅಪ್ಪಣೆ ಕಳುಹಿಸಿದುದು ತಿಳಿದುಬರುತ್ತದೆ. ೧೪೯೮ರ ಫೆಬ್ರವರಿಯಲ್ಲಿ ಗಣಿತಜ್ಞನಾದ ಲೂಕ ಪಾಚೋಲಿಯು ಚಿತ್ರವು ಮುಗಿದಿರುವಂತೆಯೇ ಅದನ್ನು ಕುರಿತು ಬರೆದಿರುವನು. ಚಿತ್ರದ ಎತ್ತರ ಸುಮಾರು ೪.೬ ಮೀಟರು, ಅಗಲ ಸುಮಾರು ೮.೮ ಮೀಟರು.

ಲಿಯೊನಾರ್ಡೊನು ಕೆಲಸ ಮಾಡುತ್ತಿದ್ದ ರೀತಿಯನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ಮತ್ತೇಯೊ ಬಂದೆಲ್ಲೊ ಎಂಬ ಕಥೆಗಾರನು ಮುಂದೆ ವರ್ಣಿಸಿದ್ದಾನೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅನ್ನನೀರುಗಳನ್ನು ಮರೆತು ಬರೆಯುವನಂತೆ. ಕೆಲವು ದಿನ ಕುಂಚವನ್ನು ಮುಟ್ಟದೆ ಗಂಟೆಗಟ್ಟಲೆ ಚಿತ್ರದ ಮುಂದೆ ನಿಂತು ವಿಚಾರ ಮಾಡುತ್ತಿರುವನಂತೆ. ಮತ್ತೊಮ್ಮೆ ನಡುಹಗಲಿನಲ್ಲಿ ಬಂದು ಒಂದೆರಡು ಗೆರೆಗಳನ್ನು ಎಳೆದು ಹೊರಟುಹೋಗುವನಂತೆ. ಈ ವೃತ್ತಾಂತವು ಕೇವಲ ಚಮತ್ಕಾರದ ಮಾತಲ್ಲ. ಚಿತ್ರವು ಏತಕ್ಕೆ ಕೆಟ್ಟಿತೆಂಬುದರ ಮೂಲವು ಇದರಲ್ಲಿಯೇ ಅಡಗಿದೆ.

ಇಟಲಿಯ ಭಿತ್ತಿಚಿತ್ರಗಳು ಸಾಮಾನ್ಯವಾಗಿ ಫ್ರೆಸ್ಕೊ ಎಂಬ ವಿಧಾನದಲ್ಲಿ ಬರೆಯಲ್ಪಟ್ಟವು. ಸುಣ್ಣದ ಗಾರೆಯು ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆಯು ಒಣಗುತ್ತ ಗಾಳಿಯ ಸಂಪರ್ಕದಿಂದ ಕಲ್ಲಿನಂತಾದಾಗ ಬಣ್ಣವೂ ಅದರೊಡನೆ ಒಂದಾಗಿಬಿಡುವುದು. ಆದರೆ ಇದರಲ್ಲಿ ನಿಧಾನಕ್ಕೆ ಎಡೆಯಿಲ್ಲ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆಯನ್ನು ಬಳಿದು, ಅದು ಒಣಗುವುದರೊಳಗೆ ಮುಗಿಸಬೇಕು. ಆಮೇಲೆ ತಿದ್ದುವುದು ಸಾಧ್ಯವಿಲ್ಲ. ನಿಂತು ನೋಡಿ, ಯೋಚಿಸಿ, ತಿದ್ದಿ, ಮತ್ತೆ ತಿದ್ದುವ ಸ್ವಭಾವದ ಲಿಯೊನಾರ್ಡೊನಿಗೆ ಈ ಕಟ್ಟು ಒಗ್ಗಲಿಲ್ಲ. ಆದಕಾರಣ ಅವನು ಒಣಗಿದ ಗೋಡೆಗೆ ತೆಳುವಾದ ಒಂದು ಲೇಪವನ್ನೂ ಅದರ ಮೇಲೆ ಸೀಸದ ಸಫೇದವನ್ನೂ ಕೊಟ್ಟು, ಹಲಗೆಯ ಮೇಲೆ ಬರೆಯುವಂತೆ ಎಣ್ಣೆ, ಮೊಟ್ಟೆಗಳ ಬಂಧಕವುಳ್ಳ ಬಣ್ಣಗಳಿಂದ ಬರೆದನು. ಬಣ್ಣವು ಗೋಡೆಯೊಡನೆ ಬೆರೆಯದೆ ಅದರ ಮೇಲೆ ಒಂದು ಪೊರೆಯಂತೆ ನಿಂತಿತು. ಗೋಡೆಯಲ್ಲಿ ತೇವವು ಏರಿದಂತೆಲ್ಲ ಆ ಪೊರೆಯು ಗೋಡೆಯನ್ನು ಬಿಡತೊಡಗಿತು.

ಇದಕ್ಕೆ ಬೇರೆ ಸಾಕ್ಷಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಶಾಲೆಯ ಎದುರು ಗೋಡೆಯ ಮೇಲೆ ಮೊಂತೊರ್ಫಾನೊ ಎಂಬವನು ೧೪೯೫ರಲ್ಲಿ ಫ್ರೆಸ್ಕೊ ವಿಧಾನದಿಂದ ಬರೆದ ಏಸುವಿನ ಶಿಲುಬೆಯ ಚಿತ್ರವು ಇಂದಿಗೂ ಚೆನ್ನಾಗಿ ಉಳಿದಿದೆ. ಆ ಚಿತ್ರದ ಕೆಳಭಾಗದಲ್ಲಿ ಅರಸನ ಕುಟುಂಬದವರ ಭಾವಚಿತ್ರಗಳನ್ನು ಒಣಗಾರೆಯ ಮೇಲೆ ಆಮೇಲೆ ಸೇರಿಸಲಾಯಿತು. ಇವು ಲಿಯೊನಾರ್ಡೊನವೆಂದು ಪ್ರತೀತಿ. ಅವು ಮಾತ್ರ ಬಹುತೇಕ ಅಳಿಸಿಹೋಗಿವೆ. ಒಂದೇ ಮನೆ, ಒಂದೇ ಗಾಳಿ, ಒಂದೇ ಗೋಡೆ, ಭೇದವಿದ್ದುದು ವಿಧಾನದಲ್ಲಿ.

೩

ಚಿತ್ರವು ಕೆಡಲು ಬಹುಕಾಲ ಹಿಡಿಯಲಿಲ್ಲ. ೧೫೧೭ರಲ್ಲಿ, ಎಂದರೆ ಲಿಯೊನಾರ್ಡೊನು ಇನ್ನೂ ಬದುಕಿರುವಾಗಲೇ, ಅದನ್ನು ನೋಡಿದ ಅಂತೋನಿಯೊ ದೆ ಬೆಯಾತಿಸ್ ಎಂಬವನು ಅದು ಆಗಲೇ ಕೆಡಲು ಮೊದಲಾಗಿದೆಯೆಂದು ತನ್ನ ಪ್ರವಾಸದ ದಿನಚರಿಯಲ್ಲಿ ಬರೆದಿಟ್ಟನು. ೧೫೬೬ರಲ್ಲಿ ಮಿಲಾನಿಗೆ ಬಂದ ವಸಾರಿಯು, ಅಲ್ಲಿ ಕಲೆಗಳ ಒಂದು ಗೊಂದಲವಲ್ಲದೆ ಬೇರೇನೂ ಕಾಣುವುದಿಲ್ಲವೆಂಬರ್ಥದ ಮಾತನ್ನು ೧೫೬೮ರ ತನ್ನ ಗ್ರಂಥದಲ್ಲಿ ಹೇಳಿರುವನು. ಆದುದರಿಂದ ಮೊದಲನೆಯ ಹಾನಿಯು ಚಿತ್ರಗಾರನದೇ ಎಂಬುದನ್ನು ಒಪ್ಪಬೇಕಾಗಿದೆ. ಮುಂದಿನವರನ್ನು ನಿಂದಿಸುವ ಮೊದಲು ಈ ಸಂಗತಿಯನ್ನು ನೆನೆಯುವುದು ನ್ಯಾಯ.

ಚಿತ್ರವು ಹಾಳಾಯಿತೆಂಬ ಭಾವನೆಯು ಬೇರೂರಿದ ಮೇಲೆ ಅದರ ಮೇಲಿನ ಗೌರವವೂ ಕುಗ್ಗಿತು. ೧೬೫೨ರಲ್ಲಿ ಮಠದವರು ಭೋಜನಶಾಲೆಯ ಬಾಗಿಲನ್ನು ದೊಡ್ಡದು ಮಾಡುವುದಕ್ಕಾಗಿ ಚಿತ್ರದ ಕೆಳಗಿನ ನಡುಭಾಗವನ್ನೇ ಕಡಿದರು. ಮೇಜಿನ ಕೆಳಗೆ ಕಾಣುತ್ತಿದ್ದ ಏಸುವಿನ ಪಾದಗಳು ಹೀಗೆ ಶಾಶ್ವತವಾಗಿ ಹೋದುವು. ಆ ಪಾದಗಳು ಹೇಗಿದ್ದುವೆಂಬುದು ಇಂದು ತಿಳಿಯುವುದು ಹಳೆಯ ಪ್ರತಿಗಳಿಂದ ಮಾತ್ರ. ಅವುಗಳಲ್ಲಿ ಲಿಯೊನಾರ್ಡೊನ ಅನುಯಾಯಿಯಾದ ಜಾಂಪಿಯೆತ್ರಿನೊ ಬರೆದನೆನ್ನಲಾಗುವ, ಲಂಡನಿನ ರಾಯಲ್ ಅಕಾಡೆಮಿಯ ಸ್ವತ್ತಾಗಿರುವ ಪ್ರತಿಯು ಮುಖ್ಯವಾದುದು. ಯೂದನ ಮೊಣಕೈ ತಗಲಿ ಉರುಳಿದ ಉಪ್ಪಿನ ಬಟ್ಟಲು ಮೊದಲಾದ ಸಣ್ಣ ಅಂಶಗಳನ್ನೂ ಅದು ಉಳಿಸಿಕೊಟ್ಟಿದೆ. ಪ್ರತಿಕಾರನು ಮೂಲವನ್ನು ಮುಟ್ಟದೆ ಮೂಲಕ್ಕೆ ಮಾಡಿದ ಉಪಕಾರವಿದು.

೪

ಮೂಲವನ್ನು ಮುಟ್ಟಿ ಉಪಕಾರ ಮಾಡುವೆನೆಂದು ಬಂದವರಲ್ಲಿ ಪ್ರಸಿದ್ಧನಾದ ಮೊದಲನೆಯವನು ಮಿಕೆಲಾಂಜೆಲೊ ಬೆಲ್ಲೊತ್ತಿ. ಅವನು ೧೭೨೬ರಲ್ಲಿ, ಮಾಸಿದ ಚಿತ್ರಗಳಿಗೆ ಜೀವ ಬರಿಸುವ ಒಂದು ರಹಸ್ಯವು ತನಗೆ ಗೊತ್ತಿದೆಯೆಂದು ಮಠದವರನ್ನು ನಂಬಿಸಿದನು. ಚಿತ್ರದ ಮುಂದೆ ಮರೆಯನ್ನು ಕಟ್ಟಿಕೊಂಡು ಕೆಲಸ ಮಾಡಿದನು. ಮರೆಯನ್ನು ತೆಗೆದಾಗ ಚಿತ್ರವು ಹೊಸದಾಗಿ ಹೊಳೆಯಿತು, ಮಠದವರಿಗೆ ಸಂತೋಷವಾಯಿತು. ನಿಜವಾಗಿ ಅವನು ಮಾಡಿದ್ದುದು ಚಿತ್ರದ ಬಹುಭಾಗದ ಮೇಲೆ ಎಣ್ಣೆಬಣ್ಣವನ್ನು ಹಚ್ಚಿ ವಾರ್ನಿಷನ್ನು ಬಳಿದುದು. ಆ ಹೊಳಪು ಹೆಚ್ಚು ಕಾಲ ನಿಲ್ಲಲಿಲ್ಲ.

೧೭೭೦ರಲ್ಲಿ ಜುಸೆಪ್ಪೆ ಮಾತ್ಸ ಎಂಬವನು ಬಂದನು. ಅವನು ಬೆಲ್ಲೊತ್ತಿಯ ಬಣ್ಣವನ್ನು ಕೆರೆದು ತೆಗೆದನು. ಕೆರೆಯುವಾಗ ಅದರ ಕೆಳಗಿದ್ದ ಲಿಯೊನಾರ್ಡೊನ ಬಣ್ಣವೂ ಹೋಯಿತು. ಆಮೇಲೆ ತನಗೆ ತೋರಿದಂತೆ ಮುಖಗಳನ್ನು ಬರೆಯುತ್ತ ಬಂದನು. ಜನರಲ್ಲಿ ಆಕ್ಷೇಪಣೆಯೆದ್ದು ಮಠದ ಹೊಸ ಅಧ್ಯಕ್ಷನು ಕೆಲಸವನ್ನು ನಿಲ್ಲಿಸುವ ಹೊತ್ತಿಗೆ ಬಲಗಡೆಯ ಮೂರು ಮುಖಗಳು ಮಾತ್ರ ಅವನ ಕೈಯಿಂದ ತಪ್ಪಿಸಿಕೊಂಡಿದ್ದುವು. ಜೀರ್ಣೋದ್ಧಾರವೊಂದನ್ನು ಸಾರ್ವಜನಿಕರು ಆಕ್ಷೇಪಿಸಿ ತಡೆದ ಹಳೆಯ ನಿದರ್ಶನಗಳಲ್ಲಿ ಇದೊಂದು.

ಈ ಇಬ್ಬರನ್ನು ಕುರಿತು ಜುಸೆಪ್ಪೆ ಬೊಸ್ಸಿಯು ೧೮೧೦ರಲ್ಲಿ ಪ್ರಕಟಿಸಿದ ಗ್ರಂಥವೂ ಅದನ್ನು ಆಧರಿಸಿ ಜರ್ಮನಿಯ ಕವಿ ಗಯಟೆಯು ಬರೆದ ಪ್ರಬಂಧವೂ ಕಠಿಣವಾದ ತೀರ್ಪನ್ನು ಕೊಟ್ಟಿವೆ. ಆದರೆ ಅವರ ದೋಷವು ಸ್ವಭಾವದ್ದೆನ್ನುವುದಕ್ಕಿಂತ ಆ ಕಾಲದ ತಿಳಿವಳಿಕೆಯದೆನ್ನುವುದು ಹೆಚ್ಚು ಸರಿಯಾದೀತು. ಚಿತ್ರವೆಂದರೆ ಅದರ ವಿಷಯ. ಹದಿಮೂರು ಜನರು ಮೇಜಿನ ಮುಂದೆ ಸ್ಪಷ್ಟವಾಗಿ ಕಂಡರೆ ಚಿತ್ರವು ಉಳಿಯಿತು ಎಂಬುದು ಆಗಿನ ನಂಬಿಕೆ. ಬರೆದವನ ಕೈಯೇ ಉಳಿಯಬೇಕೆಂಬ ಕಲ್ಪನೆಯು ಇನ್ನೂ ಬಲವಾಗಿರಲಿಲ್ಲ.

೫

೧೭೯೬ರಲ್ಲಿ ಫ್ರೆಂಚರ ಸೈನ್ಯವು ಮಿಲಾನನ್ನು ಹೊಕ್ಕಾಗ ಭೋಜನಶಾಲೆಯು ಕುದುರೆಗಳ ಲಾಯವೂ ಹುಲ್ಲಿನ ಉಗ್ರಾಣವೂ ಆಯಿತು. ೧೮೦೦ರಲ್ಲಿ ನೆರೆಯ ನೀರು ಒಳಗೆ ನುಗ್ಗಿ ನಿಂತಿತು. ಗೋಡೆಯ ತೇವವು ಹೆಚ್ಚಿತು. ೧೮೨೧ರಲ್ಲಿ ಸ್ತೆಫಾನೊ ಬರೆತ್ಸಿಯೆಂಬವನು ಬಂದನು. ಭಿತ್ತಿಚಿತ್ರಗಳನ್ನು ಗೋಡೆಯಿಂದ ಸುಲಿದು ಬೇರೆಡೆಗೆ ಸಾಗಿಸುವುದರಲ್ಲಿ ಅವನು ಹೆಸರಾಗಿದ್ದನು. ಫ್ರೆಸ್ಕೊ ಚಿತ್ರದ ಬಣ್ಣವು ಗಾರೆಯೊಡನೆ ಬೆರೆತಿರುವುದರಿಂದ ಆ ವಿದ್ಯೆಯು ಅಲ್ಲಿ ಫಲಿಸುತ್ತಿತ್ತು. ಇದೂ ಫ್ರೆಸ್ಕೊ ಎಂದೇ ತಿಳಿದು ಅವನು ಮೇಜಿನ ಬಟ್ಟೆಯ ಭಾಗದಲ್ಲಿ ಪ್ರಯೋಗ ಮಾಡಿದನು. ಚಿತ್ರವು ಗೋಡೆಯಿಂದ ಹಾಳೆಯಾಗಿ ಬರುವುದಕ್ಕೆ ಬದಲಾಗಿ ಚಕ್ಕೆಚಕ್ಕೆಯಾಗಿ ಉದುರಿತು. ತಪ್ಪನ್ನು ಅರಿತು, ಉದುರಿದುದನ್ನು ಅಂಟಿನಿಂದ ಹಿಡಿಸಲು ಯತ್ನಿಸಿದನು. ಅದೇ ಬರೆತ್ಸಿಯು ೧೮೫೩–೫೫ರಲ್ಲಿ ಮತ್ತೆ ಬಂದು ಬಣ್ಣವನ್ನು ಗೋಡೆಗೆ ಹಿಡಿಸುವ ಕೆಲಸವನ್ನು ಮಾಡಿದನು.

ಬರೆತ್ಸಿಯ ಸೋಲಿನಿಂದ ಒಂದು ಪಾಠವು ದೊರೆಯಿತು: ವಸ್ತುವು ಏನೆಂಬುದನ್ನು ತಿಳಿಯದೆ ಅದಕ್ಕೆ ಔಷಧವನ್ನು ಕೊಡಲಾಗದು. ಮುಂದಿನ ಶತಮಾನದ ಆರಂಭದಲ್ಲಿ ಲುಯಿಜಿ ಕವೆನಾಗಿಯು ಮೊದಲು ಚಿತ್ರವನ್ನು ಕೂಲಂಕಷವಾಗಿ ಪರೀಕ್ಷಿಸಿ, ಅದು ಬಹುಕಾಲದಿಂದ ಜನರು ನಂಬಿದ್ದಂತೆ ಎಣ್ಣೆಚಿತ್ರವಲ್ಲ, ಟೆಂಪರಾ ವಿಧಾನದ್ದು ಎಂಬ ಅಭಿಪ್ರಾಯಕ್ಕೆ ಬಂದನು. ಆಮೇಲೆ ೧೯೦೮ರ ವೇಳೆಗೆ ಅದನ್ನು ಶುದ್ಧಿ ಮಾಡಿ ಸಡಿಲವಾದ ಚಕ್ಕೆಗಳನ್ನು ಹಿಡಿಸಿದನು. ೧೯೨೪ರಲ್ಲಿ ಒರೆಸ್ತೆ ಸಿಲ್ವೆಸ್ತ್ರಿಯು ಮತ್ತೆ ಶುದ್ಧಿ ಮಾಡಿ, ಬಣ್ಣವು ಹರಿದ ಅಂಚುಗಳನ್ನು ಗಾರೆಯಿಂದ ಭದ್ರಪಡಿಸಿದನು. ಈ ಇಬ್ಬರಲ್ಲಿಯೂ ಕಾಣುವ ಹೊಸ ಗುಣವೆಂದರೆ ಸಂಕೋಚ. ಬರೆಯುವುದಕ್ಕಿಂತ ಹಿಡಿದು ನಿಲ್ಲಿಸುವುದು ಮುಖ್ಯವೆಂದು ಅವರು ಬಗೆದರು.

೬

೧೯೪೩ರ ಆಗಸ್ಟ್ ತಿಂಗಳಲ್ಲಿ ಮಿಲಾನಿನ ಮೇಲೆ ಬಿದ್ದ ಬಾಂಬುಗಳಲ್ಲೊಂದು ಮಠಕ್ಕೆ ತಗಲಿತು. ಭೋಜನಶಾಲೆಯ ಮಾಡೂ ಪಕ್ಕದ ಒಂದು ಗೋಡೆಯೂ ಕುಸಿದುವು. ಚಿತ್ರವಿದ್ದ ಗೋಡೆಯು ಮುಂಚೆಯೇ ಒಟ್ಟಿದ್ದ ಮರಳಿನ ಚೀಲಗಳ ಮತ್ತು ಮರದ ಆಸರೆಯ ಬಲದಿಂದ ನಿಂತಿತು. ಚಿತ್ರವು ಉಳಿಯಿತಾದರೂ ಧೂಳು, ತೇವ, ಬೂಷ್ಟುಗಳಿಂದ ಕಪ್ಪಾಯಿತು. ಯುದ್ಧವು ಮುಗಿದ ಮೇಲೆ ೧೯೪೭ರಿಂದ ೧೯೫೪ರವರೆಗೆ ಮೌರೊ ಪೆಲ್ಲಿಚೋಲಿಯು ಮೇಣವನ್ನು ತೆಗೆದ ಅರಗಿನ ದ್ರವದಿಂದ ಬಣ್ಣವನ್ನು ಗೋಡೆಗೆ ಬಿಗಿಯಾಗಿ ಕಚ್ಚಿಸಿ, ಹಳೆಯ ಮೇಲ್ಬಣ್ಣಗಳಲ್ಲಿ ಕೆಲವನ್ನು ಕೆರೆದನು. ಇಂದು ಉಳಿದಿರುವಷ್ಟಾದರೂ ಉಳಿದುದು ಅವನ ಕೈಚಳಕದಿಂದಲೇ ಎಂದು ಹೇಳುವವರುಂಟು.

ಅರಗಿನ ಪ್ರಯೋಗವು ನಮ್ಮ ನೆರೆಯಲ್ಲಿಯೂ ನಡೆದುದನ್ನು ಇಲ್ಲಿ ಸ್ಮರಿಸಬಹುದು. ಆಗ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಅಜಂತೆಯ ಗುಹೆಗಳ ಚಿತ್ರಗಳನ್ನು ರಕ್ಷಿಸುವುದಕ್ಕಾಗಿ ನಿಜಾಮರ ಸರಕಾರವು ಇಟಲಿಯಿಂದ ಲೊರೆನ್ಜೊ ಚೆಕ್ಕೋನಿ, ಒರ್ಸೀನಿ ಎಂಬ ಇಬ್ಬರು ತಜ್ಞರನ್ನು ಕರೆಯಿಸಿತು. ಅವರು ೧೯೨೦–೨೨ರಲ್ಲಿ ಸಡಿಲವಾದ ಬಣ್ಣವನ್ನು ಹಿಡಿಸಿ ಅರಗಿನ ವಾರ್ನಿಷನ್ನು ಉಪಯೋಗಿಸಿದರು. ಉದುರಲಿದ್ದ ಬಹುಭಾಗವು ಅದರಿಂದ ಉಳಿಯಿತು. ಆದರೆ ಕಾಲಕ್ರಮದಲ್ಲಿ ಅರಗು ಹಳದಿಯಾಗಿ ಚಿತ್ರಗಳ ಬಣ್ಣವನ್ನು ಮರೆಮಾಡಿತು. ಅದನ್ನು ತೆಗೆಯುವುದು ಮುಂದಿನವರ ಪಾಲಿಗೆ ಬಂದಿತು. ಒಳ್ಳೆಯ ಉದ್ದೇಶ, ಒಳ್ಳೆಯ ಕೈ ಇವೆರಡೂ ಇದ್ದಾಗಲೂ ಇಂದಿನ ಮದ್ದು ನಾಳಿನ ರೋಗವಾಗಬಹುದೆಂಬುದಕ್ಕೆ ಇದು ಸಾಕಾದ ದೃಷ್ಟಾಂತ. ತಿರುಗಿ ತೆಗೆಯಲು ಬಾರದ ಯಾವುದನ್ನೂ ಹಳೆಯ ಚಿತ್ರಕ್ಕೆ ಸೇರಿಸಬಾರದೆಂಬ ನಿಯಮವು ಇಂತಹ ಅನುಭವಗಳಿಂದಲೇ ಬೆಳೆಯಿತು.

೭

ಹೋದ ಭಾಗವನ್ನು ಏನು ಮಾಡಬೇಕೆಂಬುದು ಉಳಿದ ಪ್ರಶ್ನೆ. ಖಾಲಿ ಬಿಟ್ಟರೆ ಬಿಳಿಯ ಗಾರೆಯ ಮಚ್ಚೆಗಳೇ ಕಣ್ಣಿಗೆ ಹೊಡೆದು ಚಿತ್ರವು ಹಿಂದೆ ಸರಿಯುತ್ತದೆ. ತುಂಬಿದರೆ ಸುಳ್ಳು ಹೇಳಿದಂತಾಗುತ್ತದೆ. ರೋಮಿನಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಜೀರ್ಣೋದ್ಧಾರದ ಕೇಂದ್ರಸಂಸ್ಥೆಯ ಮೊದಲನೆಯ ನಿರ್ದೇಶಕನಾದ ಚೆಜಾರೆ ಬ್ರಾಂದಿಯು ಇದಕ್ಕೆ ಒಂದು ಉತ್ತರವನ್ನು ಕೊಟ್ಟನು. ಬಾಂಬುಗಳಿಂದ ಚೂರುಚೂರಾದ ಭಿತ್ತಿಚಿತ್ರಗಳನ್ನು ಮತ್ತೆ ಜೋಡಿಸಬೇಕಾಗಿ ಬಂದಾಗ ಆ ಸಂಸ್ಥೆಯವರು, ಹೋದ ಎಡೆಗಳನ್ನು ನೀರ್ಬಣ್ಣದ ಸಣ್ಣ ಸಣ್ಣ ನೆಟ್ಟಗೆರೆಗಳಿಂದ ತುಂಬುವ ವಿಧಾನವನ್ನು ಬಳಕೆಗೆ ತಂದರು. ದೂರದಿಂದ ನೋಡಿದರೆ ಗೆರೆಗಳು ಒಂದಾಗಿ ಚಿತ್ರವು ಇಡಿಯಾಗಿ ತೋರುವುದು. ಹತ್ತಿರ ಹೋದರೆ ಮೂಲವು ಯಾವುದು, ತುಂಬಿದುದು ಯಾವುದು ಎಂಬುದು ಯಾರಿಗಾದರೂ ತಿಳಿಯುವುದು. ಬೇಡವಾದಾಗ ಒದ್ದೆಬಟ್ಟೆಯಿಂದ ಅದನ್ನು ಒರಸಿ ತೆಗೆಯಲೂ ಬಹುದು.

ಶಾಸನಗಳನ್ನು ಓದಿ ಅಭ್ಯಾಸವುಳ್ಳವರಿಗೆ ಈ ಕ್ರಮವು ಹೊಸದಾಗಿ ತೋರಲಾರದು. ಕಲ್ಲು ಒಡೆದು ಅಕ್ಷರಗಳು ಹೋದೆಡೆಯಲ್ಲಿ ಸಂಪಾದಕನು ಚುಕ್ಕೆಗಳನ್ನಿಡುತ್ತಾನೆ. ಊಹಿಸಬಹುದಾದಲ್ಲಿ ತನ್ನ ಊಹೆಯನ್ನು ಕಂಸಗಳೊಳಗೆ ಕೊಡುತ್ತಾನೆ. ವಾಕ್ಯವು ಓದುವುದಕ್ಕೆ ಬರುತ್ತದೆ. ಆದರೆ ಕಲ್ಲಿನ ಮಾತು ಎಷ್ಟು, ಪಂಡಿತನ ಮಾತು ಎಷ್ಟು ಎಂಬುದರಲ್ಲಿ ಮೋಸವಿಲ್ಲ. ಕಂಸಗಳಿಲ್ಲದೆ ಅಕ್ಷರಗಳನ್ನು ತುಂಬಿಬಿಟ್ಟ ಸಂಪಾದಕನು ಎಷ್ಟು ದೊಡ್ಡ ವಿದ್ವಾಂಸನಾದರೂ ಅವನ ಪಾಠವನ್ನು ಪ್ರಮಾಣವಾಗಿ ಹಿಡಿಯಲಾಗುವುದಿಲ್ಲ. ಬೆಲ್ಲೊತ್ತಿ, ಮಾತ್ಸರು ಕಂಸವಿಲ್ಲದೆ ಬರೆದವರು. ಬ್ರಾಂದಿಯ ಗೆರೆಗಳು ಚಿತ್ರದ ಕಂಸಗಳು.

೮

ಕೊನೆಯ ಜೀರ್ಣೋದ್ಧಾರವು ೧೯೭೭ರಲ್ಲಿ ಶ್ರೀಮತಿ ಪಿನಿನ್ ಬ್ರಂಬಿಲ್ಲ ಬಾರ್ಚಿಲೋನರ ಕೈಯಲ್ಲಿ ಮೊದಲಾಗಿ ೧೯೯೯ರಲ್ಲಿ ಮುಗಿಯಿತು. ಲಿಯೊನಾರ್ಡೊನು ಬರೆಯಲು ತೆಗೆದುಕೊಂಡ ಕಾಲಕ್ಕಿಂತ ಅದನ್ನು ಶುದ್ಧಿ ಮಾಡಲು ಹಿಡಿದ ಕಾಲವು ಹಲವು ಪಾಲು ಹೆಚ್ಚು. ಸೂಕ್ಷ್ಮದರ್ಶಕದ ಕೆಳಗೆ ಅಂಗುಲ ಅಂಗುಲವಾಗಿ ಧೂಳು, ಅಂಟು, ಮೇಲ್ಬಣ್ಣಗಳನ್ನು ತೆಗೆಯಲಾಯಿತು. ಹೋದ ಎಡೆಗಳನ್ನು ತೆಳುವಾದ ನೀರ್ಬಣ್ಣದಿಂದ ಮಂಕಾಗಿ ತುಂಬಲಾಯಿತು. ವಿಂಡ್ಸರಿನ ರಾಜಸಂಗ್ರಹದಲ್ಲಿರುವ ಲಿಯೊನಾರ್ಡೊನ ಕರಡುಚಿತ್ರಗಳೂ ಹಳೆಯ ಪ್ರತಿಗಳೂ ದಾರಿಯನ್ನು ತೋರಿದುವು.

ಮೇಲ್ಬಣ್ಣವು ಹೋದಾಗ ಕೆಲವು ಎಡೆಗಳಲ್ಲಿ ಬೆಳಕು ಮೂಡಿತು. ತವರದ ತಟ್ಟೆಗಳಲ್ಲಿ ಎದುರಿನವರ ಉಡುಪಿನ ಬಣ್ಣವು ಪ್ರತಿಫಲಿಸುವುದು ಕಂಡಿತು; ಹಣ್ಣಿನ ಹೋಳುಗಳು ಕಂಡುವು; ಪಕ್ಕದ ಗೋಡೆಗಳಿಗೆ ತೂಗಿದ ಜಮಖಾನೆಗಳ ಮೇಲೆ ಹೂವಿನ ಕೆಲಸವು ಕಂಡಿತು. ಏಸುವಿನ ಕಪೋಲದ ಮೇಲ್ಗಡೆ ಒಂದು ಮೊಳೆಯ ತೂತೂ ಗೋಚರವಾಗಿದೆ. ಮನೆಯ ರೇಖೆಗಳೆಲ್ಲ ಅಲ್ಲಿಗೇ ಬಂದು ಸೇರುವುದರಿಂದ, ಲಿಯೊನಾರ್ಡೊನು ಆ ಮೊಳೆಗೆ ದಾರವನ್ನು ಕಟ್ಟಿ ರೇಖೆಗಳನ್ನು ಎಳೆದನೆಂದು ತಿಳಿಯಬಹುದು. ಆದರೆ ಇತರ ಎಡೆಗಳಲ್ಲಿ ಮೇಲ್ಬಣ್ಣದ ಕೆಳಗೆ ಏನೂ ಇರಲಿಲ್ಲ. ಅಲ್ಲಿ ನೋಡುವವರಿಗೆ ದೊರೆತುದು ಹಳೆಯ ಚಿತ್ರವೂ ಅಲ್ಲ, ಲಿಯೊನಾರ್ಡೊನ ಚಿತ್ರವೂ ಅಲ್ಲ, ಮಂಕಾದ ಒಂದು ಮೌನ.

ಆಕ್ಷೇಪಣೆಗಳು ಈ ಕಾರ್ಯಕ್ಕೂ ತಪ್ಪಲಿಲ್ಲ. ಅಮೆರಿಕದ ಕಲೇತಿಹಾಸಜ್ಞನಾದ ಜೇಮ್ಸ್ ಬೆಕ್ಕನು, ಈಗ ಗೋಡೆಯ ಮೇಲಿರುವುದರಲ್ಲಿ ಲಿಯೊನಾರ್ಡೊನ ಪಾಲು ಬಹು ಕಡಿಮೆ, ಜೀರ್ಣೋದ್ಧಾರದ ಪಾಲೇ ಹೆಚ್ಚು ಎಂದು ವಾದಿಸಿದನು. ಶತಮಾನಗಳ ಕಾಲ ಜನರು ನೋಡಿ ಪೂಜಿಸಿದ ರೂಪವೂ ಇತಿಹಾಸದ ಭಾಗವೇ, ಅದನ್ನು ಕೆರೆಯುವ ಹಕ್ಕು ಯಾರದು ಎಂಬ ಮಾತಿನಲ್ಲಿಯೂ ಸತ್ತ್ವವಿಲ್ಲದಿಲ್ಲ. ಇದಕ್ಕೆ ಪ್ರತಿಯಾಗಿ ಹೇಳಬಹುದಾದುದು ಇಷ್ಟು: ಮೇಲ್ಬಣ್ಣವು ನಿಂತಲ್ಲಿ ನಿಲ್ಲುವ ವಸ್ತುವಲ್ಲ, ಅದು ಒಣಗಿ ಬಿಗಿಯುವಾಗ ಕೆಳಗಿನ ಬಣ್ಣವನ್ನೂ ಸೆಳೆದು ಕೀಳುತ್ತದೆ. ಅದನ್ನು ಉಳಿಸುವುದೆಂದರೆ ಅಳಿದುಳಿದ ಮೂಲವನ್ನು ಅದಕ್ಕೆ ಬಲಿಗೊಡುವುದಾಗಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಗತ್ಯಂತರವಿರಲಿಲ್ಲ.

ಈಗ ಭೋಜನಶಾಲೆಯೊಳಕ್ಕೆ ಒಂದು ಸಲಕ್ಕೆ ಕೆಲವೇ ಜನರನ್ನು, ಕಾಲು ಗಂಟೆಯ ಅವಧಿಗೆ ಮಾತ್ರ, ಧೂಳನ್ನು ಸೋಸುವ ಕೋಣೆಗಳ ಮೂಲಕ ಬಿಡುವ ಏರ್ಪಾಡಿದೆ. ಹಿಂದಿನ ಚಿತ್ರೋದ್ಧಾರಕರೆಲ್ಲರೂ ಗೋಡೆಯ ಮೇಲೆ ಕೈಮಾಡಿ ಸಾಧಿಸಲಾರದೆ ಹೋದುದನ್ನು ಈ ಏರ್ಪಾಡು ಗೋಡೆಯನ್ನು ಮುಟ್ಟದೆ, ಗಾಳಿಯನ್ನು ಕಾಯ್ದು ಸಾಧಿಸುತ್ತಿದೆ. ಐನೂರು ವರ್ಷಗಳ ಈ ವೃತ್ತಾಂತದಿಂದ ತೇಲುವ ಅಂಶಗಳು ಮೂರು: ಮೂಲವಸ್ತುವಿನ ಸ್ವರೂಪವನ್ನು ಮೊದಲು ತಿಳಿಯಬೇಕು; ಸೇರಿಸಿದುದು ಸೇರಿಸಿದುದೆಂದು ಕಾಣಬೇಕು; ಮುಂದೆ ಬರುವವನು ಅದನ್ನು ತೆಗೆಯಲು ಶಕ್ತನಾಗಿರಬೇಕು. ಇವುಗಳಲ್ಲಿ ಒಂದೊಂದಕ್ಕೂ ಲಿಯೊನಾರ್ಡೊನ ಚಿತ್ರವು ತನ್ನ ಮೈಯಿಂದಲೇ ಬೆಲೆಯನ್ನು ತೆತ್ತಿದೆ.